ಎಡಬದಿಯಲ್ಲಿ ನಿಂತವರು

ಚಳಿ ಶುರುವಾಗಿ ಹೀಟಿಂಗ್ ಹಾಕಿದ ಮೊದಲ ದಿನ ಇಲ್ಲಿ ಅಮೆರಿಕದ ಮನೆಗಳಲ್ಲಿ ಒಂದು ವಾಸನೆ ಬರುತ್ತದೆ. ಬೇಸಿಗೆಯೆಲ್ಲ ಕೊಳವೆಗಳ ಒಳಗೆ ಕೂತಿದ್ದ ಧೂಳು ಸುಟ್ಟು, ನೆಲದ ಜಾಲರಿಯಿಂದ ಬಿಸಿಗಾಳಿಯ ಜೊತೆ ಮೇಲೆ ಬರುವ ವಾಸನೆ. ಸ್ವಲ್ಪ ಹೊತ್ತು ಕಿಟಕಿ ತೆರೆದಿಟ್ಟರೆ ಹೋಗುತ್ತದೆ. ಮೊನ್ನೆ ಹಾಗೆಯೇ ಕಿಟಕಿ ತೆರೆದು, ಹಾಸಿಗೆಯ ಹೊದಿಕೆ ಬದಲಿಸಲು ಮಹಡಿಗೆ ಹೊರಟವಳು ಮೆಟ್ಟಿಲ ಮೇಲೆ ಕುಳಿತುಬಿಟ್ಟೆ. ಕೆಲಸದ ನಡುವೆ ಕುಳಿತುಕೊಳ್ಳುವ ಅಭ್ಯಾಸ ನನಗಿಲ್ಲ. "ಏನೋ ಸುಡ್ತಿದೆ ಸುಗುಣ, ಒಲೆ ನೋಡು" ಎಂದು ಈ ವಾಸನೆಗೆ ನನ್ನ ಯಜಮಾನರು ಹೇಳಿದ್ದು ೨೦೨೨ರ ಶರತ್ಕಾಲದಲ್ಲಿ. ಅವರು ಈ ಮನೆಯಲ್ಲಿದ್ದ ಶರತ್ಕಾಲ ಅದೊಂದೇ.

ನಾನು ಮೈಸೂರಿನ ಒಂದು ಮಿಷನ್ ಆಸ್ಪತ್ರೆಯಲ್ಲಿ ನರ್ಸಿಂಗ್ ಕಲಿತವಳು. ಹೊದಿಕೆಯ ಮೂಲೆ ಮಡಿಸುವುದರಲ್ಲಿ ಸ್ವಲ್ಪ ತಪ್ಪಿದರೂ ಅಲ್ಲಿನ ಮೇಟ್ರನ್ ಇಡೀ ಹಾಸಿಗೆ ಕಿತ್ತು ನೆಲಕ್ಕೆ ಹಾಕುತ್ತಿದ್ದರು. ಮದುವೆಯಾದ ಹೊಸತರಲ್ಲಿ ನಾವಿಬ್ಬರೂ ಇಂಗ್ಲೆಂಡಿಗೆ ಹೋದೆವು, ಉತ್ತರದ ಕಡೆಯ ಹಡರ್ಸ್‌ಫೀಲ್ಡ್ ಎಂಬ ಊರಿಗೆ. ನಾನು ವಾರ್ಡ್ ಸಿಸ್ಟರ್ ಆಗಿ ನಿವೃತ್ತಳಾದೆ. ಕರುಣಾಕರ, ಅಂದರೆ ನನ್ನ ಯಜಮಾನರು, ಆ ಊರಿನ ಏರುಬೀದಿಗಳಲ್ಲಿ ಮಹಡಿ ಬಸ್ಸು ಓಡಿಸಿದರು. ನನ್ನ ಡ್ಯೂಟಿ ತಡವಾಗಿ ಮುಗಿಯುವ ದಿನ ಅವರು ತಮ್ಮ ಪಾಳಿ ಮುಗಿಸಿ, ಸಮವಸ್ತ್ರದಲ್ಲೇ ಬಂದು ಆಸ್ಪತ್ರೆಯ ಗೇಟಿನ ಹತ್ತಿರ ನಿಂತಿರುತ್ತಿದ್ದರು. ಮಳೆಯಿದ್ದರೂ ಒಳಗೆ ಬರುತ್ತಿರಲಿಲ್ಲ. "ಒಳಗೆ ಬಂದ್ರೆ ನೀನು ನಂಗೂ ಥರ್ಮಾಮೀಟರ್ ಇಟ್ಬಿಡ್ತೀಯ" ಎನ್ನುತ್ತಿದ್ದರು.

ಎಪ್ಪತ್ತು ದಾಟಿದ ಮೇಲೆ ಅವರಿಗೆ ಮರೆವು ಶುರುವಾಯಿತು. ನಾನು ಇದನ್ನು ನೂರಾರು ಮಂದಿಯಲ್ಲಿ ಕಂಡಿದ್ದವಳು, ಡಾಕ್ಟರು ಹೆಸರು ಹೇಳುವ ಮೊದಲೇ ತಿಳಿದಿತ್ತು. ನನ್ನ ವಾರ್ಡಿನಿಂದ ಎಷ್ಟೋ ಮುದುಕರನ್ನು ಅವರವರ ಮನೆಯವರು ಆರೈಕೆಯ ಹೋಮುಗಳಿಗೆ ಕಳಿಸುವಾಗ ನಾನೇ ಅವರ ಪೆಟ್ಟಿಗೆ ಕಟ್ಟಿದ್ದೆ. ಒಂದನ್ನು ಮಾತ್ರ ಗಟ್ಟಿ ಮಾಡಿಕೊಂಡೆ: ಇವರು ಅಂಥ ಕಡೆ ಹೋಗಕೂಡದು. ಕೊನೆಯವರೆಗೂ ನನ್ನ ಕೈಯಲ್ಲೇ ಇರಬೇಕು.

ಮಗಳು ಶೀಲಾ ವರ್ಜೀನಿಯಾದ ಶ್ಯಾಂಟಿಲಿಯಲ್ಲಿ ಒಬ್ಬಳೇ ಇದ್ದಳು. ಕಂಪನಿಯವರು ಇಂಗ್ಲೆಂಡಿನಿಂದ ಕಳಿಸಿದ್ದು. ಇಲ್ಲೇ ನಿಂತು ಪೌರತ್ವ ಪಡೆದಳು. ಕೋವಿಡ್ ಕಾಲದಲ್ಲಿ ನಮ್ಮನ್ನು ಫೋನಿನ ಪರದೆಯಲ್ಲೇ ನೋಡಿ ನೋಡಿ ಅವಳ ಧೈರ್ಯ ಉಡುಗಿತ್ತು. "ಮಮ್, ಡ್ಯಾಡ್‌ಗೆ ಏನಾದ್ರೂ ಆದ್ರೆ ನಂಗೆ ಫ್ಲೈಟೇ ಸಿಗಲ್ಲ. ಬನ್ನಿ ಇಲ್ಲಿಗೆ" ಎಂದಳು. ನಾನು ಒಪ್ಪಿದೆ. ಒಮ್ಮೆ ನನ್ನ ಇಡೀ ವಾರ್ಡನ್ನು ಹಳೆಯ ಕಟ್ಟಡದಿಂದ ಹೊಸದಕ್ಕೆ ಸಾಗಿಸಿದ್ದೆ. ಯಾರ ಮಾತ್ರೆಯೂ ತಪ್ಪಲಿಲ್ಲ, ಯಾರ ಊಟವೂ ಆರಲಿಲ್ಲ. ಒಬ್ಬ ಮನುಷ್ಯನ ದಿನಚರಿಯನ್ನು ಹಾಗೇ ಎತ್ತಿ ಇನ್ನೊಂದು ದೇಶದಲ್ಲಿ ಇಡುವುದು ಅದಕ್ಕಿಂತ ಸುಲಭವೇ ಅಂದುಕೊಂಡೆ. ಹಡರ್ಸ್‌ಫೀಲ್ಡಿನ ಮನೆ ಮಾರಿ, ೨೦೨೨ರ ವಸಂತದಲ್ಲಿ ಇಲ್ಲಿಗೆ ಬಂದೆವು.

ಬಂದ ಸಂಜೆ ಅವರು ಸ್ನಾನದ ಮನೆಯ ಬಾಗಿಲಲ್ಲಿ ಕತ್ತಲಲ್ಲಿ ನಿಂತಿದ್ದರು. ಗೋಡೆಯ ಸ್ವಿಚ್ಚನ್ನು ಕೆಳಕ್ಕೆ ಒತ್ತುತ್ತಿದ್ದರು, ಮತ್ತೆ ಕೆಳಕ್ಕೇ ಒತ್ತುತ್ತಿದ್ದರು. ಅಮೆರಿಕದಲ್ಲಿ ದೀಪ ಹತ್ತಲು ಸ್ವಿಚ್ಚನ್ನು ಮೇಲಕ್ಕೆತ್ತಬೇಕು. ಇಂಗ್ಲೆಂಡಿನಲ್ಲೂ ಮೈಸೂರಿನಲ್ಲೂ ಕೆಳಕ್ಕೆ. ಮಾರನೆಯ ದಿನ ಶೀಲಾ ಕಾರು ತೆಗೆದಾಗ ಅವರು ನೇರವಾಗಿ ಬಲಗಡೆಯ ಮುಂದಿನ ಬಾಗಿಲು ತೆರೆದು ಕುಳಿತು, ಎರಡೂ ಕೈ ಎತ್ತಿ, ಎದುರಿಗೆ ಏನೂ ಇಲ್ಲದ್ದನ್ನು ನೋಡಿ ನನ್ನ ಕಡೆ ತಿರುಗಿದರು.

"ಸ್ಟೀರಿಂಗ್ ಯಾರೋ ಬಿಚ್ಕೊಂಡು ಹೋಗಿದಾರೆ ಸುಗುಣ."

"ಇಲ್ಲಿ ಎಡಗಡೆ ಇರತ್ತೆ ಕಣ್ರೀ. ಅಮೆರಿಕ ಇದು."

"ಯಾರು ಹೇಳಿದ್ದು?"

ಶೀಲಾ ನಕ್ಕಳು. ನಾನೂ ನಕ್ಕೆ. ಆಗಿನ್ನೂ ನಗಬಹುದಾಗಿತ್ತು.

ಮರೆವಿನವರ ಮೈಗೆ ತನ್ನದೇ ಒಂದು ನೆನಪು ಇರುತ್ತದೆ. ತಲೆ ಕೈಬಿಟ್ಟದ್ದನ್ನು ಬೆರಳು ಹಿಡಿದುಕೊಂಡಿರುತ್ತದೆ. ಹಡರ್ಸ್‌ಫೀಲ್ಡಿನಲ್ಲಿ ಅವರು ಕೆಟಲ್ ಹಾಕುವುದು, ಬೀಗ ತಿರುಗಿಸುವುದು, ಬಿಸಿನೀರಿನ ನಲ್ಲಿ ಬೇರೆ ತಣ್ಣೀರಿನ ನಲ್ಲಿ ಬೇರೆ ತಿರುಗಿಸುವುದು, ಯಾವುದಕ್ಕೂ ಯೋಚಿಸಬೇಕಾಗಿರಲಿಲ್ಲ. ಇಲ್ಲಿ ಪ್ರತಿಯೊಂದೂ ಇನ್ನೊಂದು ಬಗೆ. ನಲ್ಲಿ ಒಂದೇ, ಅದನ್ನು ಎತ್ತಬೇಕೋ ತಿರುಗಿಸಬೇಕೋ ತಿಳಿಯದು. ಪ್ಲಗ್ಗಿಗೆ ಸ್ವಿಚ್ಚೇ ಇಲ್ಲ. ನೀರು ಕಾಯಲು ಇಲ್ಲಿನ ಕೆಟಲ್ ಎಷ್ಟು ಹೊತ್ತು ತೆಗೆದುಕೊಳ್ಳುತ್ತದೆಂದರೆ, ಅವರು ಹಾಕಿದ್ದನ್ನು ಮರೆತು ಎರಡನೆಯ ಸಲ ಬಂದು ಆರಿಸಿಬಿಡುತ್ತಿದ್ದರು. ಅವರ ಮೈಯ ನೆನಪನ್ನೆಲ್ಲ ಆ ಮನೆಯ ಜೊತೆ ಮಾರಿ ಬಂದಿದ್ದೆವು.

ಆದರೂ ನಾನು ಬಿಡಲಿಲ್ಲ. ಸ್ವಿಚ್ಚುಗಳ ಮೇಲ್ತುದಿಗೆ ಕೆಂಪು ಟೇಪು ಅಂಟಿಸಿದೆ. ಮಂಚವನ್ನು ಹಳೆಯ ಮನೆಯಲ್ಲಿದ್ದಂತೆ ಕಿಟಕಿಗೆ ತಿರುಗಿಸಿದೆ. ಬೆಳಗಿನ ಗಂಜಿ, ಆಮೇಲೆ ಬಟ್ಟೆ ಒಗೆತ, ಊಟ, ವಾಕಿಂಗು, ನಾಲ್ಕಕ್ಕೆ ಟೀ. ಬಟ್ಟೆ ಒಣಹಾಕುವಾಗ ಕ್ಲಿಪ್ಪು ಎಣಿಸಿ ಕೊಡುವುದು ಅವರ ಕೆಲಸ, ಅದನ್ನು ಅವರು ಬಹಳ ಶ್ರದ್ಧೆಯಿಂದ ಮಾಡುತ್ತಿದ್ದರು. ಹಿತ್ತಲಲ್ಲಿ ಹಗ್ಗ ಕಟ್ಟಿದೆ. ವಾರ ತುಂಬುವ ಮೊದಲೇ ಬಡಾವಣೆಯ ಸಂಘದವರಿಂದ ಶೀಲಾಳಿಗೆ ಇಮೇಲ್ ಬಂತು.

"ಮಮ್, ಇಲ್ಲಿ ಬಟ್ಟೆ ಹೊರಗೆ ಹಾಕೋ ಹಾಗಿಲ್ಲ. ರೂಲ್ ಅದು. ಡ್ರೈಯರ್ ಇದೆಯಲ್ಲ."

"ಮತ್ತೆ ಬಿಸಿಲನ್ನ ಏನು ಮಾಡ್ತಾರೆ ಇವರು?"

"ನೋಡ್ತಾರೆ" ಎಂದರು ಯಜಮಾನರು ಕ್ಲಿಪ್ಪಿನ ಡಬ್ಬಿ ತೊಡೆಯ ಮೇಲಿಟ್ಟುಕೊಂಡು.

ಇನ್ನೊಂದು ವಿಚಿತ್ರವನ್ನೂ ಹೇಳಬೇಕು. ಇಂಗ್ಲೆಂಡಿನಲ್ಲಿ ನಲವತ್ತು ವರ್ಷಕ್ಕೂ ಹೆಚ್ಚು ಕಾಲ ಇದ್ದೆವು. ತೆರಿಗೆ ಕಟ್ಟಿದೆವು, ರಾಣಿಯ ಹೆಸರಿನಲ್ಲಿ ಪ್ರಮಾಣ ಮಾಡಿದೆವು. ಒಬ್ಬರೂ ನಮ್ಮನ್ನು ಇಂಗ್ಲಿಷರೆಂದು ಕರೆಯಲಿಲ್ಲ. ನಿಜವಾಗಿ ಯಾವ ಊರಿನವರು ನೀವು ಎಂದು ಕೇಳುವುದನ್ನು ನಿಲ್ಲಿಸಲಿಲ್ಲ. ಇಲ್ಲಿ ದಿನಸಿ ಅಂಗಡಿಯ ಹುಡುಗಿ ನಾನು ಬಾಯಿ ತೆರೆದ ಕೂಡಲೇ, ಓ, ನೀವು ಬ್ರಿಟಿಷರಾ, ನಿಮ್ಮ ಮಾತು ಕೇಳಲು ಎಷ್ಟು ಚೆಂದ ಎಂದಳು. ಯಜಮಾನರಿಗೆ ಅವತ್ತು ಬಹಳ ಒಳ್ಳೆಯ ದಿನ. ಮನೆಗೆ ಬರುವ ದಾರಿಯುದ್ದಕ್ಕೂ ನಕ್ಕರು. "ಇಂಗ್ಲಿಷಿನವಳಾಗಕ್ಕೆ ನೀನು ಇನ್ನೊಂದು ಸಮುದ್ರ ದಾಟ್ಬೇಕಾಯ್ತು ನೋಡೇ."

ಪಕ್ಕದ ಮನೆಯ ರಘು ಮೈಸೂರಿನವನು, ಸಾಫ್ಟ್‌ವೇರಿನವನು, ಮನೆಯಿಂದಲೇ ಕೆಲಸ ಮಾಡುತ್ತಿದ್ದ. ಅವನೂ ಬಿಡಲಿಲ್ಲ. "ಅಂಕಲ್, ಶೀಲಾ ಹೇಳಿದ್ರು, ನೀವು ಬ್ರಿಟಿಷ್ ಸಿಟಿಜನ್ಸ್ ಅಂತೆ. ಇನ್ನೂರು ವರ್ಷ ನಮ್ಮನ್ನ ಆಳಿದ್ದು ಸಾಕಾಗ್ಲಿಲ್ವಾ, ಇಲ್ಲಿಗೂ ಬಂದ್ಬಿಟ್ರಾ?"

"ಆಳಿದ್ದು ಅವರು ಕಣಪ್ಪ. ನಾನು ಅವರನ್ನ ಕೆಲಸಕ್ಕೆ ಬಿಟ್ಟು ಬರ್ತಿದ್ದೆ, ಅಷ್ಟೇ."

ರಘು ನನ್ನ ಮಾತಿಗೂ ನಗುತ್ತಿದ್ದ. ನನ್ನ ಕನ್ನಡ ಮೈಸೂರು ಬಿಟ್ಟ ದಿನ ಎಲ್ಲಿತ್ತೋ ಅಲ್ಲೇ ನಿಂತಿದೆ. "ಆಂಟಿ, ನೀವು ದಯಮಾಡಿಸಿ ಅಂದ್ರೆ ನಾನು ಚಪ್ಪಲಿ ಬಿಟ್ಟು ಅಡ್ಡಬೀಳ್ಬೇಕು ಅನ್ಸತ್ತೆ" ಎನ್ನುತ್ತಿದ್ದ.

ಬೇಸಿಗೆ ಹಾಗೆ ಹೀಗೆ ಕಳೆಯಿತು. ನಮ್ಮ ಬಡಾವಣೆಯಿಂದ ಹೊರಗೆ ಬಂದರೆ ದೊಡ್ಡ ರಸ್ತೆ, ಅದರ ಅಂಚಿನಲ್ಲಿ ಬಸ್ ನಿಲ್ದಾಣ. ಇಲ್ಲಿ ಕಾರಿಲ್ಲದವರನ್ನು ಬಿಟ್ಟು ಯಾರೂ ಬಸ್ಸು ಹತ್ತುವುದಿಲ್ಲ; ನಿಲ್ದಾಣವೆಂದರೆ ಒಂದು ಕಂಬ, ಒಂದು ಬೆಂಚು. ಪ್ರತಿದಿನ ವಾಕಿಂಗಿಗೆ ಅಲ್ಲಿಯವರೆಗೆ ಹೋಗಿ ಬೆಂಚಿನ ಮೇಲೆ ಕೂತು ಬರುತ್ತಿದ್ದೆವು. ಬಸ್ಸು ಬಂದಾಗ ಅವರು ನೆಟ್ಟಗೆ ಕೂರುತ್ತಿದ್ದರು. ಡ್ರೈವರು ತಿರುವಿನಲ್ಲಿ ಬ್ರೇಕು ಹಾಕಿದ್ದು ಸರಿಯೋ ತಪ್ಪೋ ಎಂದು ನನಗೆ ಹೇಳುತ್ತಿದ್ದರು. ಆ ಹೊತ್ತಿನಲ್ಲಿ ಅವರಿಗೆ ಯಾವ ಕಾಯಿಲೆಯೂ ಇರುತ್ತಿರಲಿಲ್ಲ.

ಅದೇ ರಸ್ತೆಯಲ್ಲಿ ಪೂರ್ವದ ಕಡೆಗೆ ಸ್ವಲ್ಪ ದೂರ ಹೋದರೆ ಒಂದು ದೊಡ್ಡ ಆಸ್ಪತ್ರೆ ಇದೆ. ಶೀಲಾಳ ಕಾರಿನಲ್ಲಿ ಅದನ್ನು ದಾಟುವಾಗಲೆಲ್ಲ ಅವರು ಬೆರಳು ತೋರಿಸಿ "ನಿನ್ನ ಆಸ್ಪತ್ರೆ" ಎನ್ನುತ್ತಿದ್ದರು. ಅಲ್ಲ, ಅದು ಬೇರೆ ಎಂದು ನಾನು ಪ್ರತಿಸಲ ತಿದ್ದುತ್ತಿದ್ದೆ. ತಪ್ಪನ್ನು ತಿದ್ದದೆ ಬಿಟ್ಟರೆ ಅದೇ ನಿಂತುಬಿಡುತ್ತದೆ ಎಂದು ಮೇಟ್ರನ್ ನಮಗೆ ಕಲಿಸಿದ್ದರು.

ಅಕ್ಟೋಬರಿನಲ್ಲಿ ಹೀಟಿಂಗ್ ಹಾಕಿದೆವು. ಆ ಸುಟ್ಟ ವಾಸನೆ ಅವರನ್ನು ಕಂಗೆಡಿಸಿತು. ಎಷ್ಟು ಹೇಳಿದರೂ ಎದ್ದು ಎದ್ದು ಒಲೆ ನೋಡಿ ಬರುತ್ತಿದ್ದರು. ಎಲೆಗಳು ಉದುರತೊಡಗಿ, ಹೊತ್ತು ಬೇಗ ಮುಳುಗತೊಡಗಿದಂತೆ ಒಳ್ಳೆಯ ದಿನಗಳ ನಡುವಿನ ಅಂತರ ಹೆಚ್ಚಿತು. ಸಂಜೆಯಾದರೆ ಕಿಟಕಿಯ ಹತ್ತಿರ ನಿಂತು "ಸುಗುಣಂದು ಡ್ಯೂಟಿ ಮುಗಿಯೋ ಹೊತ್ತಾಯ್ತು" ಎನ್ನುವರು. "ಇಲ್ಲೇ ಇದೀನಲ್ರೀ" ಎಂದರೆ ತಿರುಗಿ ನೋಡಿ, "ಹೌದಲ್ಲ" ಎನ್ನುವರು. ಆ ಹೌದಲ್ಲ ಎನ್ನುವ ಮಾತಿನಲ್ಲಿ ನನ್ನ ಪ್ರಾಣವಿರುತ್ತಿತ್ತು.

ನವೆಂಬರಿನ ಒಂದು ಮಧ್ಯಾಹ್ನ, ಮಳೆ ಹಿಡಿದಿತ್ತು. ನಾನು ಒಗೆದ ಬಟ್ಟೆ ತೆಗೆಯಲು ನೆಲಮಾಳಿಗೆಗೆ ಇಳಿದಿದ್ದೆ. ಡ್ರೈಯರಿನ ಸದ್ದಿನಲ್ಲಿ ಬಾಗಿಲ ಸದ್ದು ಕೇಳಲಿಲ್ಲ. ಮೇಲೆ ಬಂದಾಗ ಕುರ್ಚಿ ಖಾಲಿ. ಗೂಟದಲ್ಲಿದ್ದ ಕೋಟು ಇರಲಿಲ್ಲ, ಟೈ ಇರಲಿಲ್ಲ.

ನಿಲ್ದಾಣಕ್ಕೆ ಓಡಿದೆ. ಯಾರೂ ಇರಲಿಲ್ಲ. ರಘು ಛತ್ರಿ ಹಿಡಿದು ಬಂದ, ಶೀಲಾಳಿಗೆ ಫೋನು ಮಾಡಿದ. ಅವಳು ರೆಸ್ಟನ್ ಊರಿನ ಆಫೀಸಿನಿಂದ ಹೊರಟಳು. ಪೊಲೀಸರು ಬಂದರು. ಎಲ್ಲಿಗೆ ಹೋಗಿರಬಹುದು ಎಂದು ಕೇಳಿದಾಗ ನನಗೆ ಸಂಶಯವೇ ಇರಲಿಲ್ಲ. ನನ್ನನ್ನು ಕರೆದುಕೊಂಡು ಬರಲು ಹೋಗಿದ್ದಾರೆ, ಪೂರ್ವದ ಕಡೆಯ ಆ ಆಸ್ಪತ್ರೆಗೆ, ಎಂದೆ. ಪೊಲೀಸರು ಅಲ್ಲಿಗೆ ತಿಳಿಸಿದರು, ಆ ದಾರಿಯ ಬಸ್ಸುಗಳನ್ನೆಲ್ಲ ನೋಡಿಸಿದರು. ಅವರು ಎಲ್ಲೂ ಇರಲಿಲ್ಲ. ಶೀಲಾ ಆಸ್ಪತ್ರೆಯ ಬಾಗಿಲಿನಿಂದ ಫೋನು ಮಾಡಿ ಅಳುತ್ತಿದ್ದಳು.

ನಾನು ರಸ್ತೆಯ ಬದಿಯಲ್ಲಿ ನಿಂತು ಯೋಚಿಸಿದೆ. ಗಾಬರಿಯಾದಾಗ ಮೊದಲಿನಿಂದ ಒಂದೊಂದೇ ಹೆಜ್ಜೆ ನೋಡಿಕೊಂಡು ಬಾ ಎನ್ನುವುದು ನಾನು ಹುಡುಗಿಯರಿಗೆ ಹೇಳಿಕೊಡುತ್ತಿದ್ದ ಪಾಠ. ಅವರು ಪೂರ್ವಕ್ಕೆ ಹೋಗಬೇಕೆಂದು ಹೊರಟಿದ್ದಾರೆ. ಇಂಗ್ಲೆಂಡಿನಲ್ಲಿ ಬಸ್ಸು ಎಡಗಡೆ ಬರುತ್ತದೆ. ಪೂರ್ವಕ್ಕೆ ಹೋಗುವವನು ಪೂರ್ವಕ್ಕೆ ಮುಖ ಮಾಡಿ ತನ್ನ ಎಡಗೈಯ ಕಡೆಯ ನಿಲ್ದಾಣದಲ್ಲಿ ನಿಲ್ಲುತ್ತಾನೆ. ಇವರೂ ಅಲ್ಲೇ ನಿಂತಿರುತ್ತಾರೆ. ಈ ದೇಶದಲ್ಲಿ ಆ ಬದಿಗೆ ಬರುವುದು ಪಶ್ಚಿಮಕ್ಕೆ ಹೋಗುವ ಬಸ್ಸು.

"ರಘು, ಕಾರು ತೆಗಿ. ಈ ಕಡೆ ಅಲ್ಲ, ಆ ಕಡೆ."

"ಆಂಟಿ, ಹಾಸ್ಪಿಟಲ್ ಇರೋದು..."

"ನಂಗೊತ್ತು ಎಲ್ಲಿದೆ ಅಂತ. ಅವರು ತಪ್ಪು ಬಸ್ ಹತ್ತಿದಾರೆ."

ನಾನು ಅವಸರದಲ್ಲಿ ಎಡಗಡೆಯ ಬಾಗಿಲು ತೆರೆದೆ. ರಘು ನನ್ನನ್ನೇ ನೋಡಿ, ಮೆಲ್ಲಗೆ, "ಡ್ರೈವ್ ನೀವೇ ಮಾಡ್ತೀರಾ ಆಂಟಿ?" ಎಂದ. ನಾನು ಸುತ್ತು ಹಾಕಿ ಆ ಕಡೆ ಕುಳಿತೆ.

ಆ ಬಸ್ಸಿನ ಕೊನೆಯ ನಿಲ್ದಾಣ ಒಂದು ಬಯಲು. ಕೆಲಸಕ್ಕೆ ಹೋಗುವವರು ಕಾರು ನಿಲ್ಲಿಸಿ ಬಸ್ಸು ಹಿಡಿಯುವ ಜಾಗ. ಬಯಲಿನ ಬಾಯಲ್ಲಿ, ಎರಡು ಕಲ್ಲುಕಂಬಗಳ ಹತ್ತಿರ, ಅವರು ಮಳೆಯಲ್ಲಿ ನಿಂತಿದ್ದರು. ಹತ್ತಿರದಲ್ಲೇ ಸೂರಿತ್ತು. ಸೂರಿನ ಕೆಳಗೆ ಹೋಗಿರಲಿಲ್ಲ. ಕೋಟಿನ ಗುಂಡಿ ಹಾಕಿದ್ದರು, ಟೈಯನ್ನು ನೇರವಾಗಿ ಕಟ್ಟಿದ್ದರು, ಕೈಯಲ್ಲಿ ಹಡರ್ಸ್‌ಫೀಲ್ಡಿನ ಹಿರಿಯರ ಬಸ್ ಪಾಸು. ಅದನ್ನು ತೋರಿಸಿಯೇ ಹತ್ತಿದ್ದರಂತೆ. ಮಳೆಯಲ್ಲಿ ಟೈ ಕಟ್ಟಿಕೊಂಡು ಬಂದ ಮುದುಕರನ್ನು ಡ್ರೈವರ್ ಪ್ರಶ್ನಿಸದೆ ಕೂರಿಸಿಕೊಂಡಿದ್ದ.

ನಾನು ಕಾರಿನಿಂದ ಇಳಿದು ಹೋದೆ. ಅವರು ನನ್ನನ್ನು ದೂರದಿಂದಲೇ ಗುರುತಿಸಿದರು. ಮುಖ ಅರಳಿತು.

"ಎಷ್ಟು ಹೊತ್ತು ಕಾಯಿಸಿದ್ಯೇ. ಇವತ್ತೂ ಯಾರೋ ಕೈಕೊಟ್ರಾ?"

ಪಾಳಿಗೆ ಬರಬೇಕಾದ ಹುಡುಗಿ ಬರದಿದ್ದ ದಿನ ಅವರು ಕೇಳುತ್ತಿದ್ದ ಮಾತು ಅದು. ಅವರ ಕೈ ಹಿಡಿದೆ; ಬೆರಳುಗಳು ನೀಲಿಯಾಗಿದ್ದವು. "ಹೂಂ ರೀ, ಕೈಕೊಟ್ರು. ನಡೀರಿ ಮನೆಗೆ" ಎಂದೆ. ದಾರಿಯಲ್ಲಿ ಹಿಂದಿನ ಸೀಟಿನಲ್ಲಿ ನನ್ನ ಭುಜಕ್ಕೆ ಒರಗಿ ನಿದ್ದೆ ಮಾಡಿದರು. ನನಗೆ ಒಳಗೊಳಗೇ ಗೆದ್ದಂತಾಗಿತ್ತು. ಎಲ್ಲಿಗೆ ಹೋದರೂ ನನ್ನನ್ನೇ ಹುಡುಕಿಕೊಂಡು ಹೋಗುತ್ತಾರೆ, ನನ್ನನ್ನು ಕಂಡರೆ ಗುರುತಿಸುತ್ತಾರೆ. ಇಷ್ಟು ಸಾಕು, ಉಳಿದದ್ದನ್ನು ನಾನು ನೋಡಿಕೊಳ್ಳುತ್ತೇನೆ ಎಂದುಕೊಂಡೆ.

ಶೀಲಾ ಹಾಗೆ ತಿಳಿಯಲಿಲ್ಲ. ಅವರಿಗೆ ಬಿಸಿನೀರಿನ ಸ್ನಾನ ಮಾಡಿಸಿ ಮಲಗಿಸಿ ಅಡಿಗೆಮನೆಗೆ ಬಂದಾಗ ಅವಳು ಒದ್ದೆ ಕೋಟಿನಲ್ಲೇ ನಿಂತಿದ್ದಳು.

"ಮಮ್, ನಂಗೆ ಆಗಲ್ಲ. ಇನ್ನೊಂದ್ಸಲ ಆ ಥರ ಫೋನ್ ಬಂದ್ರೆ ನಂಗೆ ಆಗಲ್ಲ."

"ಇನ್ಮೇಲೆ ಬಾಗಿಲಿಗೆ ಮೇಲ್ಗಡೆ ಬೋಲ್ಟ್ ಹಾಕ್ತೀನಿ."

"ಬೋಲ್ಟ್ ಹಾಕಿ? ಡ್ಯಾಡ್‌ನ ಲಾಕ್ ಮಾಡಿ ಇಡ್ತೀಯಾ? ನೀನು ಸ್ನಾನಕ್ಕೆ ಹೋಗ್ಬೇಕಾದ್ರೆ ಯಾರು ನೋಡ್ತಾರೆ? ನಿಂಗೂ ಎಪ್ಪತ್ತಾಯ್ತು ಮಮ್."

"ನಿಮ್ಮಪ್ಪನ್ನ ಹೋಮಿಗೆ ಕಳಿಸ್ತೀನಿ ಅಂತ ಹೇಳ್ತಿದೀಯ, ಅಷ್ಟೇ ತಾನೆ? ನೆಟ್ಟಗೆ ಹೇಳು."

"ಹೌದು" ಎಂದಳು. "ನೆಟ್ಟಗೆ ಹೇಳ್ತಿದೀನಿ. ನೀನೇ ಕಲಿಸಿದ್ದು."

ಒಂದು ವಾರ ನಾನು ಅವಳ ಜೊತೆ ಮಾತಾಡಲಿಲ್ಲ. ಆ ವಾರದಲ್ಲೇ ಅವರು ಒಮ್ಮೆ ನನ್ನ ಕೈ ತಳ್ಳಿದರು, ಯಾರು ನೀವು, ನನ್ನ ಅಂಗಿ ಯಾಕೆ ಬಿಚ್ಚುತ್ತೀರಿ ಎಂದು. ಸ್ನಾನದ ಮನೆಯಲ್ಲಿ ಇಬ್ಬರೂ ಜಾರಿ ಬಿದ್ದೆವು. ಅವರಿಗೆ ಏನೂ ಆಗಲಿಲ್ಲ. ನನ್ನ ಮಣಿಕಟ್ಟು ಮುರಿಯಿತು. ಮುರಿದ ಕೈಯಲ್ಲಿ ಅವರನ್ನು ಎತ್ತಲಾರದೆ, ಅವರ ಪಕ್ಕದಲ್ಲೇ ಆ ತಣ್ಣನೆಯ ನೆಲದ ಮೇಲೆ ಕುಳಿತು ರಘುವನ್ನು ಕೂಗಿದೆ. ಇನ್ನು ವಾದ ಮಾಡಲು ನನ್ನಲ್ಲಿ ಏನೂ ಉಳಿದಿರಲಿಲ್ಲ.

ಪೊಟೊಮ್ಯಾಕ್ ಹೊಳೆ ದಾಟಿ ಮೇರಿಲ್ಯಾಂಡಿನ ಜರ್ಮನ್‌ಟೌನಿನಲ್ಲಿ ಒಂದು ಕಡೆ ಜಾಗ ಸಿಕ್ಕಿತು. ಮರೆವಿನವರಿಗೆಂದೇ ಇರುವ ಮನೆ. ಚೊಕ್ಕಟವಾದ ಜಾಗ, ಹಾಸಿಗೆಯ ಮೂಲೆಗಳನ್ನು ಕೂಡ ನೋಡಿದೆ, ತಪ್ಪು ಹುಡುಕಲು ಆಗಲಿಲ್ಲ. ಅವರ ಪೆಟ್ಟಿಗೆಯನ್ನು ಒಂದು ಕೈಯಲ್ಲಿ ನಾನೇ ಕಟ್ಟಿದೆ. ಶೀಲಾ ಸಹಾಯಕ್ಕೆ ಬಂದಾಗ ಬೇಡವೆಂದೆ. ಕಾರು ಹೊರಡುವ ಮೊದಲು ರಘು ಬಂದು ಅವರ ಕಾಲು ಮುಟ್ಟಿದ. "ಬೇಗ ಬನ್ನಿ ಅಂಕಲ್" ಎಂದ. ಅವರು "ಆಯ್ತಪ್ಪ, ಟಿಕೆಟ್ ಇಟ್ಕೊಂಡಿದೀಯಾ?" ಎಂದರು.

ಬಿಟ್ಟು ಬಂದ ಸಂಜೆ ನಾನು ನಾಲ್ಕಕ್ಕೆ ಎರಡು ಕಪ್ಪಿಗೆ ನೀರಿಟ್ಟೆ. ಇಟ್ಟ ಮೇಲೆ ಗೊತ್ತಾಯಿತು. ಚೆಲ್ಲಲಿಲ್ಲ. ಎರಡನ್ನೂ ನಾನೇ ಕುಡಿದೆ.

ವಾರಕ್ಕೆರಡು ದಿನ ಶೀಲಾ ಕರೆದುಕೊಂಡು ಹೋಗುತ್ತಿದ್ದಳು. ಮೊದಮೊದಲು ಅವರು ನನ್ನನ್ನು ನೋಡಿ ನಗುತ್ತಿದ್ದರು, ಯಾವ ನಗೆ ಎಂದು ತಿಳಿಯುತ್ತಿರಲಿಲ್ಲ. ಕ್ರಿಸ್‌ಮಸ್ ಹತ್ತಿರ ಬಂದಾಗ ಒಮ್ಮೆ ಎದ್ದು ನಿಂತು ಕುರ್ಚಿ ತೋರಿಸಿದರು. "ಕೂತ್ಕೊಳಿ ಸಿಸ್ಟರ್" ಎಂದರು. ನನ್ನನ್ನು ಹೆಸರು ಹಿಡಿದು, ಏಕವಚನದಲ್ಲಿ ಕರೆಯುತ್ತಿದ್ದ ಬಾಯಿ.

"ನಾನು ಕಣ್ರೀ. ಸುಗುಣ."

ಅವರು ನನ್ನ ಮುಖವನ್ನು, ಕೂದಲನ್ನು ಬಹಳ ಹೊತ್ತು ನೋಡಿದರು. ಆಮೇಲೆ ಮುಖ ಕೆಂಪಾಯಿತು. "ಹಾಗೆಲ್ಲ ತಮಾಷೆ ಮಾಡ್ಬಾರ್ದು. ನನ್ನ ಹೆಂಡತಿ ಚಿಕ್ಕವಳು. ಅವಳು ಡ್ಯೂಟಿಲಿದಾಳೆ" ಎಂದರು.

ನಾನು ತಿದ್ದಿದೆ. ಮತ್ತೆ ತಿದ್ದಿದೆ. ಮದುವೆಯ ಫೋಟೋ ತೋರಿಸಿ ಇದು ನಾನು ಎಂದೆ. ಅವರು ಫೋಟೋವನ್ನು ಎದೆಗೊತ್ತಿಕೊಂಡು ಮೂಲೆಗೆ ಸರಿದು, ಇವರು ಯಾರೋ ನನ್ನ ಹೆಂಡತಿಯ ಫೋಟೋ ಕದ್ದಿದ್ದಾರೆ ಎಂದು ಎಲ್ಲರಿಗೂ ಕೇಳುವಂತೆ ಅಳತೊಡಗಿದರು. ಅವತ್ತಿನಿಂದ ನಾನು ಬಂದ ದಿನ ಊಟ ಬಿಡುತ್ತಿದ್ದರು. ಟೀ ಕೂಡ ಮುಟ್ಟುತ್ತಿರಲಿಲ್ಲ. ಮೈ ಇಳಿಯುತ್ತಿತ್ತು.

ಒಂದು ದಿನ ಅಲ್ಲಿಗೆ ಹೋಗುವಾಗ ಕಾರಿನಲ್ಲಿ ಶೀಲಾ, ರಸ್ತೆಯನ್ನೇ ನೋಡುತ್ತ, "ಮಮ್, ಇವತ್ತು ತಿದ್ಬೇಡ. ಪ್ಲೀಸ್" ಎಂದಳು.

"ಹಾಗಾದ್ರೆ ನಾನು ಯಾರಾಗಿರ್ಲಿ?"

ಅವಳು ಒಂದು ಕೈಯಿಂದ ಕಣ್ಣೊರೆಸಿಕೊಂಡು ಓಡಿಸಿದಳು.

ಅವತ್ತು ಹೊರಗೆ ಹಿಮ ಸಣ್ಣಗೆ ಬೀಳುತ್ತಿತ್ತು. ಅವರು ಕಿಟಕಿಯ ಹತ್ತಿರ ಕೂತಿದ್ದರು. ಎದುರಿಗೆ ಆರಿದ ಟೀ. ನಾನು ಪಕ್ಕದಲ್ಲಿ ಕುಳಿತೆ.

"ಸಿಸ್ಟರ್, ನನ್ನ ಹೆಂಡತಿ ನಿಮ್ಮ ವಾರ್ಡಲ್ಲೇ ಇರೋದು. ಸುಗುಣ ಅಂತ. ಅವಳ ಡ್ಯೂಟಿ ಮುಗೀತಾ?"

ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿದೆ.

"ಇನ್ನೊಂಚೂರು ಕೆಲಸ ಇದೆ ಅವರಿಗೆ. ಬರ್ತಾರೆ. ನೀವು ಅಷ್ಟರಲ್ಲಿ ಟೀ ಕುಡೀಬೇಕಂತೆ, ಹೇಳಿ ಕಳ್ಸಿದಾರೆ."

"ಹಾಗಂದ್ಲಾ?"

"ಹಾಗೇ ಅಂದ್ರು. ಬಿಸ್ಕೆಟ್ಟೂ ತಿನ್ಬೇಕಂತೆ."

ಅವರು ನಕ್ಕರು. "ಬಹಳ ಜೋರು ಅವಳು" ಎಂದರು. ಹೊಸ ಟೀ ತರಿಸಿದೆ. ಎರಡೂ ಕೈಯಲ್ಲಿ ಕಪ್ಪು ಹಿಡಿದು ಪೂರಾ ಕುಡಿದರು. ಬಿಸ್ಕೆಟ್ಟನ್ನು ಮುರಿದು ಅರ್ಧ ನನಗೆ ಕೊಡಲು ಬಂದರು. ಆಮೇಲೆ ಏನೋ ನೆನಪಾಗಿ ಕೈ ಹಿಂದಕ್ಕೆ ತೆಗೆದುಕೊಂಡು, ಆ ಅರ್ಧವನ್ನು ಕಾಗದದ ಕರವಸ್ತ್ರದಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡರು.

"ಅವಳಿಗೆ. ಹಸ್ಕೊಂಡು ಬರ್ತಾಳೆ."

ನಾನು ತಲೆಯಾಡಿಸಿದೆ. ಬಾಗಿಲಲ್ಲಿ ಶೀಲಾ ಕೋಟು ಹಿಡಿದು ನಿಂತಿದ್ದಳು. ಎದ್ದು ಅವರ ಕಾಲರ್ ಸರಿ ಮಾಡಿದೆ. ಸಿಸ್ಟರ್ ಮಾಡಬಹುದಾದದ್ದು ಅದೊಂದೇ. ಹೊರಡುವಾಗ ಅವರು ಕರೆದರು.

"ಸಿಸ್ಟರ್, ನಾನು ಇಲ್ಲಿದೀನಿ ಅಂತ ಅವಳಿಗೆ ಹೇಳ್ತೀರಾ? ಗೇಟಲ್ಲಿ ಹುಡುಕ್ತಾಳೆ ಪಾಪ."

"ಹೇಳ್ತೀನಿ" ಎಂದೆ.